ಗುಡ್ಡೆಯಿಡೀ ಮದ್ದು ಬಿಟ್ಟರೆ ಹಣ್ಣುನೊಣ ಮುಗಿಯುತ್ತದೆಯೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಬಯಲಿನಲ್ಲಿ 30 ಸೆಂಟ್ಸ್ ಹಾಗಲ, ಪಡುವಲದ ಚಪ್ಪರ ಇದೆ. ಮನೆಯ ಸುತ್ತ 14 ಮಾವಿನ ಮರ, ಮೂರು ಪೇರಳೆ ಗಿಡ. ಎರಡು ವರ್ಷದಿಂದ ಹಾಗಲದ ಎಳೆಕಾಯಿ ಸೊಟ್ಟಗಾಗಿ, ಹಳದಿ ತಿರುಗಿ ಉದುರುತ್ತಿದೆ. ಮೇ ಕೊನೆಯಲ್ಲಿ ಮಾವು ಕೊಯ್ದರೆ ಅರ್ಧಕ್ಕರ್ಧ ಹುಳ. ಅಂಗಡಿಯಿಂದ ಮಾವಿನ ಹಣ್ಣುನೊಣ ಹಿಡಿಯುವ ಎರಡು ಬಲೆ ತಂದು ಹಾಗಲದ ಚಪ್ಪರಕ್ಕೆ ಕಟ್ಟಿದೆ. ವಾರದಲ್ಲಿ ನೂರಾರು ನೊಣ ಬಿತ್ತು, ಕಾಯಿಗೆ ಮಾತ್ರ ಏನೂ ಗುಣ ಕಾಣಲಿಲ್ಲ. ಬಲೆ ಕಟ್ಟಿದ್ದರಿಂದಲೇ ಊರಿನ ನೊಣವೆಲ್ಲ ನಮ್ಮಲ್ಲಿಗೆ ಬಂತು ಎನ್ನುತ್ತಾರೆ ನೆರೆಯವರು. ಎಲ್ಲರೂ ಸೇರಿ ಡ್ರೋನ್ ತರಿಸಿ, ಗುಡ್ಡೆಯಿಡೀ ಮೆಲಾಥಿಯಾನ್ ಕೀಟನಾಶಕ ಬಿಡಿಸಿ ಒಮ್ಮೆಗೇ ನಿರ್ನಾಮ ಮಾಡೋಣ ಎಂಬ ಮಾತೂ ನಡೆದಿದೆ. ನಮ್ಮದು ಎಂಡೋಸಲ್ಫಾನ್ ಕಂಡ ಸೀಮೆ. ಕುಡಿಯುವುದು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಆರು ಪೆಟ್ಟಿಗೆ ತುಡುವೆ ಜೇನು ಇದೆ. ಈ ಮದ್ದೂ ಅದೇ ಜಾತಿಯದ್ದೇ? ಬಿಟ್ಟ ಮೇಲೆ ಪರಿಣಾಮ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿದರೆ ನೊಣಕ್ಕಿಂತ ಮದ್ದಿನ ಹೆದರಿಕೆಯೇ ಹೆಚ್ಚು ಕಾಣುತ್ತದೆ. ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ, 2000ದಲ್ಲಿ ಅದು ನಿಂತ ಮೇಲೂ ಮನೆಮನೆಗಳಲ್ಲಿ ಅದರ ನೋವು ಉಳಿದ ಜಿಲ್ಲೆಯಲ್ಲಿ ಈ ಹೆದರಿಕೆ ಇರಲೇಬೇಕು. ಅದಕ್ಕೆ ಉತ್ತರ ಕೊಡುವ ಮೊದಲು ಬಲೆಯ ವಿಷಯ ಮುಗಿಸೋಣ. ನಿಮ್ಮ ನಷ್ಟದ ದೊಡ್ಡ ಪಾಲು ಅಲ್ಲೇ ಇದೆ.

ನಿಮ್ಮಲ್ಲಿ ಇರುವುದು ಒಂದು ನೊಣ ಅಲ್ಲ, ಎರಡು. ಬಲೆಗೆ ಬಿದ್ದ ನೊಣಗಳಲ್ಲಿ ನಾಲ್ಕೈದನ್ನು ಬಿಳಿ ಕಾಗದದ ಮೇಲೆ ಹಾಕಿ, ಬಿಸಿಲಲ್ಲಿ ಹಿಡಿದು ನೋಡಿ. ಬೆನ್ನು ಹೆಚ್ಚುಕಡಿಮೆ ಕಪ್ಪು, ಅದರ ಎರಡು ಬದಿಗೆ ಒಂದೊಂದು ಹಳದಿ ಪಟ್ಟಿ, ರೆಕ್ಕೆ ತಿಳಿಯಾಗಿದ್ದು ಮುಂದಿನ ಅಂಚಿನಲ್ಲಿ ಮಾತ್ರ ಸಣ್ಣ ಕಪ್ಪು ಗೆರೆ ಇದ್ದರೆ ಅದು ಮಾವಿನ ನೊಣ, ಬ್ಯಾಕ್ಟ್ರೊಸೆರಾ ಡೊರ್ಸಾಲಿಸ್. ಬೆನ್ನು ಕೆಂಪುಕಂದು, ಎರಡು ಬದಿಯ ಪಟ್ಟಿಗಳ ಜೊತೆ ನಡುಬೆನ್ನಿನಲ್ಲಿ ಮೂರನೆಯ ಹಳದಿ ಪಟ್ಟಿ, ರೆಕ್ಕೆಯ ತುದಿಯಲ್ಲಿ ದೊಡ್ಡ ಕಪ್ಪು ಮಚ್ಚೆ ಇದ್ದರೆ ಅದು ಬಳ್ಳಿ ತರಕಾರಿಯ ನೊಣ, ಝೂಗೊಡಾಕಸ್ ಕುಕುರ್ಬಿಟೆ. ಹಾಗಲ, ಪಡುವಲ, ಹೀರೆ, ಮುಳ್ಳುಸೌತೆಯನ್ನು ಕೆಡಿಸುವುದು ಈ ಎರಡನೆಯದು. ಮಾವಿನ ಬಲೆಯಲ್ಲಿರುವ ಮಿಥೈಲ್ ಯುಜಿನಾಲ್ ವಾಸನೆಗೆ ಇದು ಬರುವುದೇ ಇಲ್ಲ. ಇದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ವಾಸನೆ ಹೀರಿಸಿದ ಬಿಲ್ಲೆಯ ಬಲೆ ಬೇಕು. ನಿಮಗೆ ಬಿದ್ದ ನೂರಾರು ನೊಣ ಮಾವು, ಪೇರಳೆಯ ಕಡೆಯವು. ಹಾಗಲ ಕುಟ್ಟುವ ನೊಣಕ್ಕೆ ನೀವು ಇನ್ನೂ ಬಲೆಯನ್ನೇ ಇಟ್ಟಿಲ್ಲ.

ಸರಿಯಾದ ಬಿಲ್ಲೆ ಹಾಕಿದರೂ ಬಲೆಗೆ ಬೀಳುವುದು ಗಂಡು ಮಾತ್ರ. ಮೊಟ್ಟೆ ಇಡುವ ಹೆಣ್ಣಿಗೆ ಈ ಎರಡೂ ವಾಸನೆ ಬೇಡ. ಹಾಗಾಗಿ ನೆರೆಯವರ ಮಾತು ಅರ್ಧ ಸರಿ, ಅರ್ಧ ತಪ್ಪು. ಮಿಥೈಲ್ ಯುಜಿನಾಲ್ ದೂರದ ಗಂಡುಗಳನ್ನು ಎಳೆಯುವುದು ನಿಜ. ಆದರೆ ಗಂಡುನೊಣ ಕಾಯಿ ಕುಟ್ಟುವುದಿಲ್ಲ, ಆದ್ದರಿಂದ ಬಲೆಯಿಂದ ಹುಳ ಹೆಚ್ಚಾಗುವುದಿಲ್ಲ. ಕಡಿಮೆಯಾಗಬೇಕಾದರೂ ಬಹಳ ಬಲೆ ಬೇಕು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ನೂರರಲ್ಲಿ ತೊಂಬತ್ತು ಗಂಡು ಸತ್ತರೂ ಉಳಿದ ಹತ್ತರಿಂದ ಕೆಲಸ ನಡೆಯುತ್ತದೆ. ಅಕ್ಕಪಕ್ಕದ ಹತ್ತಿಪ್ಪತ್ತು ಮನೆಯವರು ಒಟ್ಟಿಗೆ, ಎಕರೆಗೆ 10ರಂತೆ ಕಟ್ಟಿದರೆ ಫಲ ಉಂಟು. ಒಬ್ಬರೇ ಎರಡು ಕಟ್ಟಿದರೆ ಅದು ನೊಣ ಎಷ್ಟಿದೆ ಎಂದು ತಿಳಿಯುವ ಸಾಧನ ಮಾತ್ರ. ಹಾಗೆ ತಿಳಿಯುವುದಕ್ಕೂ ಬೆಲೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಬಲೆಯನ್ನು ನೆರಳಲ್ಲಿ, ಎದೆಮಟ್ಟದಿಂದ ತಲೆಮಟ್ಟದ ಎತ್ತರಕ್ಕೆ ಕಟ್ಟಿ. ದಾರಕ್ಕೆ ಗ್ರೀಸ್ ಸವರಿ, ಇಲ್ಲದಿದ್ದರೆ ಒಳಗಿನ ಸತ್ತ ನೊಣವನ್ನು ಇರುವೆ ಹೊತ್ತೊಯ್ಯುತ್ತದೆ, ಬಲೆ ಖಾಲಿ ಕಾಣುತ್ತದೆ. ಬಿಲ್ಲೆಯ ರಸ ಬಾಟಲಿಯ ಹೊರಗೆ ತಾಗಬಾರದು. ತಾಗಿದರೆ ನೊಣ ಹೊರಗೇ ಕೂತು ನೆಕ್ಕಿ ಹಾರಿಹೋಗುತ್ತದೆ. ಮಾವಿನ ನೊಣದ ಗಂಡು ಮಿಥೈಲ್ ಯುಜಿನಾಲ್ ತಿಂದು ಬದುಕಿ ಹೊರಬಿದ್ದರೆ ಹೆಣ್ಣನ್ನು ಒಲಿಸುವುದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಕೊಲ್ಲುವ ಮದ್ದು ಆರಿಹೋದ ಹಳೆಯ ಬಿಲ್ಲೆಯನ್ನು ನೇತುಹಾಕಿ ಬಿಡುವುದಕ್ಕಿಂತ ಬಲೆಯನ್ನೇ ತೆಗೆದುಬಿಡುವುದು ಒಳ್ಳೆಯದು. ಬೇಸಗೆಯಲ್ಲಿ ಆರರಿಂದ ಎಂಟು ವಾರಕ್ಕೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಬಿಲ್ಲೆ ಮುಟ್ಟುವಾಗ ಕೈಗವಸು ಬೇಕೇ ಬೇಕು. ಮಿಥೈಲ್ ಯುಜಿನಾಲನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ಬಲೆ ವಿಷವಲ್ಲ, ಮಕ್ಕಳ ಕೈಗೂ ಕೊಡಬಹುದು ಎನ್ನುವವರ ಮಾತು ಕೇಳಬೇಡಿ.

ಇನ್ನು ನಿರ್ನಾಮದ ವಿಷಯ. ಹಣ್ಣುನೊಣವನ್ನು ನಿರ್ನಾಮ ಮಾಡಿದ ಜಾಗಗಳು ಲೋಕದಲ್ಲಿ ಇವೆ. ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ, ಮಿಥೈಲ್ ಯುಜಿನಾಲ್ ಮತ್ತು ಕೀಟನಾಶಕ ಹೀರಿಸಿದ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿ ಮಾವಿನ ನೊಣವನ್ನು ಮುಗಿಸಿದರು. ಜಪಾನಿನ ಓಕಿನಾವಾ ದ್ವೀಪಗಳಲ್ಲಿ 1986ರ ಹೊತ್ತಿಗೆ ಅದೇ ವಿಧಾನದಿಂದ ಮಾವಿನ ನೊಣ ಹೋಯಿತು. ಅಲ್ಲೇ ಬಳ್ಳಿ ತರಕಾರಿಯ ನೊಣಕ್ಕೆ ಬಂಜೆ ಮಾಡಿದ ನೊಣಗಳನ್ನು ವರ್ಷಗಟ್ಟಲೆ ಕೋಟಿಗಟ್ಟಲೆ ಬಿಡಬೇಕಾಯಿತು. 1972ರಲ್ಲಿ ಶುರುವಾದ ಕೆಲಸ ಮುಗಿದದ್ದು 1993ರಲ್ಲಿ. ಆಸ್ಟ್ರೇಲಿಯದ ಕೈರ್ನ್ಸ್ ಸುತ್ತ 1995ರಲ್ಲಿ ಕಂಡ ನೊಣ 1999ಕ್ಕೆ ಹೋಯಿತು. ಇವೆಲ್ಲ ಹೊರಗಿನಿಂದ ಹೊಸದಾಗಿ ಬಂದ ನೊಣ. ಸುತ್ತ ಸಮುದ್ರವಿದ್ದಲ್ಲಿ, ಅಥವಾ ಹಣ್ಣು ಸಾಗಿಸದಂತೆ ರಸ್ತೆಗೆ ಕಾವಲು ಹಾಕಿದಲ್ಲಿ, ಸರಕಾರವೇ ನಿಂತು ಮಾಡಿದ ಕೆಲಸ.

ನಮ್ಮಲ್ಲಿ ಹಾಗಲ್ಲ. ಕೀನ್ಯಾದಲ್ಲಿ 2003ರಲ್ಲಿ ಮೊದಲು ಕಂಡು ಆಫ್ರಿಕಾ ತುಂಬಾ ಹರಡಿದ ಮಾವಿನ ನೊಣ ಅಲ್ಲಿಗೆ ದಾಳಿಕೋರ, ಏಷ್ಯಾದ ಈ ಭಾಗಕ್ಕೆ ಮೂಲನಿವಾಸಿ. ಗುಡ್ಡೆಯ ಕಾಟುಮಾವು, ಹಿತ್ತಿಲ ಧಾರೆಹುಳಿ, ಜಂಬುನೇರಳೆ, ಪೇರಳೆ, ಚಿಕ್ಕು ಎಲ್ಲದರಲ್ಲೂ ಅದು ಸಂಸಾರ ನಡೆಸುತ್ತದೆ. ನಿಮ್ಮ ಗುಡ್ಡೆಯ ನೊಣವೆಲ್ಲ ಇವತ್ತು ಸತ್ತಿತು ಎಂದೇ ಇಟ್ಟುಕೊಳ್ಳಿ, ಪೆರ್ಲದಿಂದಲೋ ಪುತ್ತೂರಿನಿಂದಲೋ ಬರುವ ಒಂದು ಪೆಟ್ಟಿಗೆ ಹಣ್ಣು ಸಾಕು ಮತ್ತೆ ಶುರುವಾಗಲು. ನಿರ್ನಾಮದ ಆಸೆಯನ್ನು ಇಲ್ಲಿ ಬಿಟ್ಟುಬಿಡಬೇಕು. ನಿಮ್ಮ ಚಪ್ಪರದ, ನಿಮ್ಮ ಮರದ ಕಾಯಿಯನ್ನು ಉಳಿಸಿಕೊಳ್ಳುವುದು ಬೇರೆ ಕೆಲಸ, ಅದು ಆಗುತ್ತದೆ.

ಮೇಲಿನಿಂದ ಮದ್ದು ಬಿಟ್ಟರೆ ಏಕೆ ಆಗದು ಎಂಬುದು ನೊಣದ ಬದುಕಿನಲ್ಲೇ ಇದೆ. ಹೆಣ್ಣು ಸಿಪ್ಪೆಯ ಒಳಗೆ ಮೊಟ್ಟೆ ಚುಚ್ಚುತ್ತದೆ. ಒಂದೆರಡು ದಿನದಲ್ಲಿ ಮರಿ, ಅದು ವಾರವೋ ಹತ್ತು ದಿನವೋ ತಿರುಳಿನೊಳಗೆ. ಅಲ್ಲಿಂದ ಹೊರಗೆ ಹಾರಿ ಬಿದ್ದು ಮಣ್ಣಿನಡಿ ಎರಡರಿಂದ ಐದು ಸೆಂ.ಮೀ. ಆಳದಲ್ಲಿ ಕೋಶ, ಮತ್ತೆ ಎಂಟು-ಹತ್ತು ದಿನ. ಎಲೆಯ ಮೇಲೆ ಬೀಳುವ ಮದ್ದು ಇವುಗಳಲ್ಲಿ ಯಾವುದಕ್ಕೂ ತಾಗುವುದಿಲ್ಲ. ತಾಗುವುದು ಆ ಹೊತ್ತು ಹೊರಗೆ ಕೂತ ದೊಡ್ಡ ನೊಣಕ್ಕೆ ಮಾತ್ರ. ಮೂರು ದಿನ ಬಿಟ್ಟು ಮಣ್ಣಿನಿಂದ ಹೊಸದು ಏಳುತ್ತದೆ. ಅಷ್ಟರಲ್ಲಿ ಜೇಡ, ಇರುವೆ, ನೊಣದ ಮರಿಯೊಳಗೆ ಮೊಟ್ಟೆ ಇಡುವ ಸಣ್ಣ ಕಣಜ ಎಲ್ಲ ಸತ್ತಿರುತ್ತವೆ. ಇನ್ನೊಂದು ತೊಡಕು: ಹಾಗಲ ಮೂರು-ನಾಲ್ಕು ದಿನಕ್ಕೊಮ್ಮೆ ಕೊಯ್ಯುವ ಬೆಳೆ. ಮದ್ದು ಬಿಟ್ಟು ಕಾಯಬೇಕಾದ ದಿನಗಳು ಮುಗಿಯುವ ಮೊದಲೇ ಕಾಯಿ ಬುಟ್ಟಿಗೆ ಬಂದಿರುತ್ತದೆ. ಕಾಯಿಗೆ ನೇರ ಸಿಂಪಡಿಸಿದ ಹಾಗಲ ತಿನ್ನಲು ಯೋಗ್ಯವಾಗುವ ಹೊತ್ತೇ ಇಲ್ಲ.

ಹಾಗಲಕ್ಕೆ ನನ್ನ ಮೊದಲ ಸಲಹೆ ಚೀಲ. ಹೂವು ಒಣಗಿ ಕಾಯಿ ಕಿರುಬೆರಳಿನಷ್ಟಾದಾಗ, ಅಂದರೆ ಎರಡು-ಮೂರು ದಿನದೊಳಗೆ, ಕಂದು ಕಾಗದದ ಚೀಲ ಹಾಕಿ ತೊಟ್ಟಿನ ಹತ್ತಿರ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ತಡವಾದರೆ ಮೊಟ್ಟೆಯ ಸಮೇತ ಕಟ್ಟಿದ ಹಾಗೆ. ಎಷ್ಟೋ ಮಂದಿ ಚೀಲದಿಂದ ಉಪಯೋಗ ಇಲ್ಲ ಎನ್ನುವುದು ಇದೇ ಕಾರಣಕ್ಕೆ. ಮಳೆಯಲ್ಲಿ ಕಾಗದ ಹರಿಯುತ್ತದೆ, ಆಗ ನೇಯದ ಬಟ್ಟೆಯ ಚೀಲ ಬೇಕು. ಪ್ಲಾಸ್ಟಿಕ್ ಆದರೆ ಅಡಿಯಲ್ಲಿ ತೂತು ಇರಲಿ, ಇಲ್ಲದಿದ್ದರೆ ಬೆವರಿ ಕೊಳೆಯುತ್ತದೆ. 30 ಸೆಂಟ್ಸ್‌ಗೆ ಇದು ದೊಡ್ಡ ಕೆಲಸ ಎಂದು ಗೊತ್ತು. ಎಲ್ಲ ಕಾಯಿಗೆ ಆಗದಿದ್ದರೆ ಪಡುವಲವನ್ನು ಬಿಟ್ಟು ಹಾಗಲಕ್ಕಾದರೂ ಹಾಕಿ.

ಚೀಲಕ್ಕಿಂತಲೂ ಅಗ್ಗದ್ದು, ಎಲ್ಲರೂ ಅಸಡ್ಡೆ ಮಾಡುವುದು, ಉದುರಿದ ಕಾಯಿ. ಅದನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣಕ್ಕೆ ಬಾಣಂತಿಕೋಣೆ ಕಟ್ಟಿಕೊಟ್ಟ ಹಾಗೆ, ಹುಳ ಅಲ್ಲೇ ಕೋಶ ಕಟ್ಟಿ ಏಳುತ್ತದೆ. ಎರಡು ದಿನಕ್ಕೊಮ್ಮೆ ಹೆಕ್ಕಿ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಒಂದು ವಾರ ಬಿಸಿಲಿಗೆ ಇಡಿ. ಬಿಸಿಲಿಲ್ಲದಾಗ ಎರಡಡಿ ಆಳಕ್ಕೆ ಹೂತು ಮಣ್ಣು ತುಳಿಯಿರಿ. ಮೇಲೆ ಅರ್ಧ ಅಡಿ ಮಣ್ಣು ಎಳೆದರೆ ಸಾಲದು. ಮಾವಿನ ಬುಡದಲ್ಲಿ ಏಪ್ರಿಲ್ ಕೊನೆಗೊಮ್ಮೆ, ಕೊಯ್ಲು ಮುಗಿದ ಮೇಲೊಮ್ಮೆ ಮೂರು ಇಂಚು ಆಳಕ್ಕೆ ಕೆರೆದುಬಿಡಿ. ಬಿಸಿಲು, ಕೋಳಿ, ಇರುವೆ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಮಾವನ್ನು ಮರದಲ್ಲಿ ಹಣ್ಣಾಗಲು ಬಿಡದೆ, ಬಲಿತ ಕೂಡಲೇ ಮೊದಲ ಮಳೆಗಿಂತ ಮುಂಚೆ ಕೊಯ್ಯಿರಿ. ಮಿಡಿಗೆ ಈ ನೊಣದ ಕಾಟ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. ರಫ್ತಿನ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ನಿಮಿಷ ಅದ್ದಿ ಒಳಗಿನ ಮೊಟ್ಟೆ, ಮರಿ ಕೊಲ್ಲುತ್ತಾರೆ. ಮನೆಯ ಹಂಡೆಯಲ್ಲಿ ಆ ಶಾಖವನ್ನು ಒಂದೇ ಸಮ ಹಿಡಿಯುವುದು ಕಷ್ಟ, ಎರಡು ಡಿಗ್ರಿ ಮೇಲೇರಿದರೆ ಹಣ್ಣು ಬೇಯುತ್ತದೆ. 2014ರ ಮೇ 1ರಿಂದ ಯುರೋಪ್ ಒಕ್ಕೂಟ ನಮ್ಮ ದೇಶದ ಮಾವು, ಹಾಗಲ, ಪಡುವಲವನ್ನು ತಡೆಹಿಡಿದದ್ದು ಇದೇ ಹುಳಗಳಿಗಾಗಿ. ಕೊಯ್ದ ಮೇಲಿನ ಈ ಎಚ್ಚರ ಬಿಗಿಯಾದದ್ದು ಆ ಬಳಿಕ.

ಇಷ್ಟು ಮಾಡಿಯೂ ತಡೆಯದಿದ್ದರೆ ಆಮಿಷ. ಮೊಟ್ಟೆ ಕಟ್ಟಲು ಹೆಣ್ಣುನೊಣಕ್ಕೆ ಪ್ರೊಟೀನ್ ಬೇಕು, ಕಾಯಿ ಕುಟ್ಟುವ ಮೊದಲ ಒಂದು ವಾರ ಅದನ್ನು ಹುಡುಕುತ್ತಾ ತಿರುಗುತ್ತದೆ. ಆಮಿಷದ ತತ್ವ ಅಷ್ಟೇ: ಮದ್ದು ನೊಣದ ಬೆನ್ನಟ್ಟಬೇಕಾಗಿಲ್ಲ, ನೊಣವೇ ಮದ್ದನ್ನು ಹುಡುಕಿಕೊಂಡು ಬರುತ್ತದೆ. ಸ್ಪೈನೋಸ್ಯಾಡ್ ಎಂಬ ಕೀಟನಾಶಕ ಇರುವ ಪ್ರೊಟೀನ್ ಆಮಿಷ ಸಿಕ್ಕಿದರೆ ಅದೇ ಮೊದಲ ಆಯ್ಕೆ, ಪ್ರಮಾಣ ಲೇಬಲ್‌ನಲ್ಲಿ ಇದ್ದಷ್ಟೇ. ಮೊದಲಿನಿಂದ ರೂಢಿಯಲ್ಲಿರುವುದು ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 2 ಮಿ.ಲೀ. ಮೆಲಾಥಿಯಾನ್ 50 ಇಸಿ (ನೀರಿಗೆ ಬೆರೆಸುವ ಶೇಕಡಾ 50ರ ದ್ರವ). ಏಳು ಮೀಟರಿಗೊಂದು ಜಾಗದಲ್ಲಿ 50 ಮಿ.ಲೀ.ನಂತೆ, ದಪ್ಪ ಹನಿಯಾಗಿ, ಎಲೆಯ ಅಡಿಗೆ. ಕಾಯಿಗೂ ಹೂವಿಗೂ ತಾಗಬಾರದು. ಬಳ್ಳಿಯ ನೊಣ ರಾತ್ರಿ ಕಳೆಯುವುದು ಬದಿಯ ಗಿಡಗಳಲ್ಲಿ, ಆದ್ದರಿಂದ ಚಪ್ಪರದ ಸುತ್ತ ಒಂದು ಸಾಲು ಮೆಕ್ಕೆಜೋಳ ಹಾಕಿ ಅದರ ಎಲೆಗೆ ಬಿಟ್ಟರೆ ಇನ್ನೂ ಒಳ್ಳೆಯದು.

ಈಗ ಲೆಕ್ಕ ನೋಡಿ. 30 ಸೆಂಟ್ಸ್ ಎಂದರೆ ಸುಮಾರು 1,200 ಚದರ ಮೀಟರ್. ಏಳು ಮೀಟರಿಗೊಂದು ಎಂದರೆ 25 ಜಾಗ, ಒಂದೂಕಾಲು ಲೀಟರ್ ದ್ರಾವಣ, ಅದರಲ್ಲಿ ಮೆಲಾಥಿಯಾನ್ ಎರಡೂವರೆ ಮಿ.ಲೀ. ಅದೇ ಚಪ್ಪರವನ್ನು ಪೂರ್ತಿ ನೆನೆಸಲು 60 ಲೀಟರ್ ಬೇಕು, ಮೆಲಾಥಿಯಾನ್ 120 ಮಿ.ಲೀ. ಒಂದೇ ಕೆಲಸಕ್ಕೆ ಸುಮಾರು ಐವತ್ತು ಪಾಲು ವಿಷ. ಡ್ರೋನಿನ ಮಾತು ಆಡುವವರಿಗೆ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿ.

ಬೆಲ್ಲದ ಆಮಿಷಕ್ಕೆ ನಿಮ್ಮಲ್ಲಿ ಒಂದು ಅಡ್ಡಿ ಇದೆ, ತುಡುವೆ. ಮೊದಲು ಮದ್ದು ಹಾಕದೆ ಬರೀ ಬೆಲ್ಲದ ನೀರನ್ನು ನಾಲ್ಕು ಜಾಗದಲ್ಲಿ ಸವರಿ, ಬೆಳಗ್ಗೆ ಅರ್ಧ ಗಂಟೆ ಕೂತು ನೋಡಿ. ತುಡುವೆಯೋ, ಚುಚ್ಚದ ಸಣ್ಣ ಜೇನಾದ ಮುಜಂಟಿಯೋ ಬಂದು ಕೂತರೆ ಬೆಲ್ಲ ಬಿಡಿ, ಪ್ರೊಟೀನ್ ಆಮಿಷಕ್ಕೆ ಹೋಗಿ. ಮಾವಿಗಂತೂ ಮೆಲಾಥಿಯಾನ್ ಬೇಡ. 2023ರಲ್ಲಿ ಕೇಂದ್ರ ಸರಕಾರ ಮಾವಿನ ಮೇಲೆ ಅದರ ಬಳಕೆಗೆ ಇದ್ದ ಅನುಮತಿಯನ್ನೇ ತೆಗೆದಿದೆ. ಹಾಗಾಗಿ ಗುಡ್ಡೆಯ ಮಾವಿನ ಮೇಲೆ ಡ್ರೋನಿನಿಂದ ಬಿಡುವ ಯೋಚನೆ ನಿಯಮಕ್ಕೂ ಹೊರಗೆ. ಹಾಗಲಕ್ಕೆ ಏನು ಬಳಸುವುದಿದ್ದರೂ ಕೃಷಿಭವನದಲ್ಲಿ ಕೇಳಿ, ಬರಹದಲ್ಲಿ ಪಡೆಯಿರಿ.

ಕೆಲಸ ಫಲ ಕೊಟ್ಟಿದೆಯೇ ಎಂದು ತಿಳಿಯಲು ಬಲೆಯ ಲೆಕ್ಕ ಬೇಕು. 30 ಸೆಂಟ್ಸ್ ಚಪ್ಪರಕ್ಕೆ ಮೂರು ಕ್ಯೂ ಲ್ಯೂರ್, ಮಾವಿಗೆ ನಾಲ್ಕು ಮಿಥೈಲ್ ಯುಜಿನಾಲ್. ಪ್ರತಿ ಭಾನುವಾರ ಸುರಿದು ಎಣಿಸಿ, ಒಟ್ಟು ನೊಣವನ್ನು ಬಲೆಗಳ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ. ಮೂರು ಬಲೆ, ಏಳು ದಿನ, 252 ನೊಣ ಎಂದರೆ ದಿನಕ್ಕೆ ಬಲೆಗೆ 12. ಇದರ ಜೊತೆಗೆ ಗಾಯ ಕಾಣದ 20 ಕಾಯಿಗಳನ್ನು ಬಕೆಟಿನಲ್ಲಿ ಮೂರು ಸೆಂ.ಮೀ. ಒಣ ಮರಳಿನ ಮೇಲೆ ಇಟ್ಟು, ಬಟ್ಟೆ ಕಟ್ಟಿ, 12 ದಿನ ಕಳೆದು ಮರಳು ಜರಡಿ ಹಿಡಿಯಿರಿ. ಗೋಧಿಕಾಳಿಗಿಂತ ಸಣ್ಣ ಕಂದು ಕೋಶಗಳು ಸಿಗುತ್ತವೆ. ಬಲೆಯ ಸಂಖ್ಯೆ ಇಳಿದು ಕೋಶ ಇಳಿಯದಿದ್ದರೆ ಗಂಡು ಸಾಯುತ್ತಿದೆ, ಹೆಣ್ಣು ಉಳಿದಿದೆ ಎಂದರ್ಥ. ಆಗ ಬಲೆ ಹೆಚ್ಚಿಸಬೇಡಿ, ಆಮಿಷ ಮತ್ತು ಚೀಲಕ್ಕೆ ಕೈಹಾಕಿ.

ಮೆಲಾಥಿಯಾನ್ ಎಂಡೋಸಲ್ಫಾನಿನ ಜಾತಿಯದ್ದಲ್ಲ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್. ಅದೂ ಅದರಿಂದ ಹುಟ್ಟುವ ಸಲ್ಫೇಟೂ ಮಣ್ಣಿನಲ್ಲಿ ತಿಂಗಳು, ವರ್ಷಗಟ್ಟಲೆ ಉಳಿಯುತ್ತವೆ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಮೆಲಾಥಿಯಾನ್ ಆರ್ಗನೋಫಾಸ್ಫೇಟ್, ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಮಣ್ಣಿನಲ್ಲಿ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಒಡೆಯುತ್ತದೆ. ಬೇಗ ಹೋಗುವ ಮದ್ದು, ಆದ್ದರಿಂದ ಚಿಂತೆ ಇಲ್ಲ ಎಂದು ಮಾರುವವರು ಹೇಳುವುದು ಈ ಆಧಾರದ ಮೇಲೆ. ನಿಮ್ಮ ನೀರಿಗೆ ಆ ಮಾತು ಹೊಂದುವುದಿಲ್ಲ. ಮೆಲಾಥಿಯಾನ್ ನೀರಿನಲ್ಲಿ ಒಡೆಯುವ ವೇಗ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಹುಳಿ ಎಂಬ ಅಳತೆಯ ಮೇಲೆ ನಿಂತಿದೆ; 7ಕ್ಕಿಂತ ಕೆಳಗಿದ್ದರೆ ಹುಳಿ. ಪಿಎಚ್ 9 ಇದ್ದಲ್ಲಿ ಅರ್ಧ ದಿನದಲ್ಲಿ ಅರ್ಧಕ್ಕಿಳಿಯುತ್ತದೆ, 7 ಇದ್ದಲ್ಲಿ ಆರು ದಿನ, 5 ಇದ್ದಲ್ಲಿ ನೂರಕ್ಕೂ ಹೆಚ್ಚು ದಿನ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯಿಂದ ಇಳಿಯುವ ನೀರು ಹುಳಿ ಕಡೆಯದು, ಪಿಎಚ್ 5, 6ರ ಆಸುಪಾಸು ಇರುವುದು ಸಾಮಾನ್ಯ. ಸುರಂಗದಲ್ಲಿ ಬಿಸಿಲೂ ಇಲ್ಲ. ಗುಡ್ಡೆಯ ಮೇಲೆ ಬಿದ್ದದ್ದು ಮುರಕಲ್ಲಿನ ತೂತುಗಳಲ್ಲಿ ಇಳಿದರೆ ಅಲ್ಲಿ ನಿಧಾನಕ್ಕೆ ಒಡೆಯುತ್ತದೆ. ಪಿಎಚ್ ಪಟ್ಟಿ ತಂದು ನಿಮ್ಮ ಸುರಂಗದ ನೀರು ನೋಡಿ, ಬೆಲೆ ದೊಡ್ಡದಲ್ಲ.

ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಮೆಲಾಥಿಯಾನ್ ಬಾಟಲಿ ಇದ್ದರೆ ಅದನ್ನು ಬಳಸಲೇಬೇಡಿ. ಸೆಕೆಯಲ್ಲಿ ಇಟ್ಟ ಮೆಲಾಥಿಯಾನಿನಲ್ಲಿ ಐಸೋಮೆಲಾಥಿಯಾನ್ ಹುಟ್ಟುತ್ತದೆ. ನಮ್ಮ ದೇಹ ಮೆಲಾಥಿಯಾನನ್ನು ಮುರಿದು ಹಾಕುವ ಶಕ್ತಿಯನ್ನೇ ಅದು ತಡೆಯುತ್ತದೆ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಮೆಲಾಥಿಯಾನ್ ಬಿಟ್ಟ ಕೆಲಸಗಾರರಲ್ಲಿ ಸುಮಾರು 2,800 ಮಂದಿ ವಿಷಬಾಧೆಗೆ ಸಿಕ್ಕಿದರು, ಐವರು ಸತ್ತರು. ಕಾರಣ ಈ ಕಲ್ಮಶ.

ಪರಿಣಾಮ ತಿಳಿಯುವ ದಾರಿ ಒಂದೇ, ಮೊದಲೇ ಅಳೆದಿಡುವುದು. ಎಂಡೋಸಲ್ಫಾನ್ ವಿಷಯದಲ್ಲಿ ಸಮಿತಿಗಳ ಮೇಲೆ ಸಮಿತಿ ಬಂದರೂ ವಾದ ಮುಗಿಯದೆ ಜನ ಸೊರಗಿದರು. ಮದ್ದು ಬೀಳುವ ಮೊದಲಿನ ಅಳತೆ ಕೈಯಲ್ಲಿದ್ದರೆ ಅಷ್ಟು ವಾದಕ್ಕೆ ಎಡೆಯಿಲ್ಲ. ಜೇನಿಗೆ: ಪೆಟ್ಟಿಗೆಯ ಬಾಗಿಲ ಮುಂದೆ ಒಂದು ಮೀಟರ್ ಬಿಳಿ ಬಟ್ಟೆ ಹಾಸಿ, ಮದ್ದಿಗೆ ಮುಂಚಿನ ಐದು ಬೆಳಗ್ಗೆ ಸತ್ತ ಜೇನುಹುಳ ಎಣಿಸಿ ಬರೆದಿಡಿ, ನಂತರದ ಐದು ಬೆಳಗ್ಗೆಯೂ ಎಣಿಸಿ. ನಾಲ್ಕೈದು ಇದ್ದದ್ದು ನಲವತ್ತಾದರೆ ಬೇರೆ ಸಾಕ್ಷಿ ಬೇಡ. ಗಾಳಿಗೆ ಹಾರುವುದಕ್ಕೆ: ಹನಿ ಬಿದ್ದರೆ ಹಳದಿಯಿಂದ ನೀಲಿಯಾಗುವ ಕಾಗದ ಸಿಗುತ್ತದೆ, ಅದನ್ನು ಸುರಂಗದ ಬಾಯಿ, ಅಂಗಳ, ಜೇನುಪೆಟ್ಟಿಗೆಯ ಹತ್ತಿರ ಕಡ್ಡಿಗೆ ಸಿಕ್ಕಿಸಿಡಿ. ಇಬ್ಬನಿಗೂ ನೀಲಿಯಾಗುತ್ತದೆ, ಆದ್ದರಿಂದ ಸಿಂಪಡಣೆಗೆ ಸ್ವಲ್ಪ ಮೊದಲು ಇಟ್ಟು ಕೂಡಲೇ ತೆಗೆಯಿರಿ.

ಮನುಷ್ಯರಿಗೆ: ಮದ್ದು ಬಿಡುವವರು, ಬೆರೆಸುವವರು ಕನಿಷ್ಠ ಒಂದು ತಿಂಗಳು ಇಂಥ ಮದ್ದು ಮುಟ್ಟದೆ ಇದ್ದಾಗ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಇದು ಒಬ್ಬರಿಂದೊಬ್ಬರಿಗೆ ಬಹಳ ಬೇರೆ ಇರುತ್ತದೆ, ಅದಕ್ಕೇ ನಂತರದ ಒಂದೇ ಪರೀಕ್ಷೆಯಲ್ಲಿ ‘ನಾರ್ಮಲ್’ ಎಂದು ಬಂದರೆ ಏನೂ ತಿಳಿಯುವುದಿಲ್ಲ. ತನ್ನದೇ ಮೊದಲಿನ ಅಂಕೆಗಿಂತ ಶೇಕಡಾ 20 ಇಳಿದರೆ ಕೆಲಸದ ರೀತಿಯಲ್ಲಿ ತಪ್ಪಿದೆ, ಮದ್ದು ಮೈಗೆ ಹೋಗುತ್ತಿದೆ. ಇನ್ನೂ ಇಳಿದರೆ ಆ ಕೆಲಸದಿಂದ ದೂರ ಇರಿಸಬೇಕು. ಈ ಪರೀಕ್ಷೆ ಎಂಡೋಸಲ್ಫಾನಿಗೂ ಸ್ಪೈನೋಸ್ಯಾಡಿಗೂ ಹೇಳಿದ್ದಲ್ಲ. ಬಿಟ್ಟ ದಿನ ವಿಪರೀತ ಬೆವರು, ಜೊಲ್ಲು, ಹೊಟ್ಟೆ ನುಲಿತ, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು ಕಂಡರೆ ಬಟ್ಟೆ ಕಳಚಿ, ಸಾಬೂನಿನಲ್ಲಿ ಮೈ ತೊಳೆದು, ಬಾಟಲಿಯ ಲೇಬಲ್ ಸಮೇತ ಆಸ್ಪತ್ರೆಗೆ ಓಡಿ. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ.

ನೀವು ಬೇಡವೆಂದರೂ ನೆರೆಯವರು ಡ್ರೋನ್ ತರಿಸಿಯೇ ತರಿಸುತ್ತಾರೆ ಎಂದಾದರೆ, ಮೊದಲು ಪಂಚಾಯತಿಗೂ ಕೃಷಿಭವನಕ್ಕೂ ಬರಹದಲ್ಲಿ ತಿಳಿಸಿ, ಮದ್ದಿನ ಹೆಸರು, ಬ್ಯಾಚ್ ನಂಬರ್, ಪ್ರಮಾಣ, ದಿನ, ಗಂಟೆ ಕೇಳಿ ಪಡೆಯಿರಿ. ಜೇನುಪೆಟ್ಟಿಗೆಗಳನ್ನು ಹಿಂದಿನ ರಾತ್ರಿ ಮೂರು ಕಿ.ಮೀ. ಆಚೆ ಒಯ್ಯಿರಿ. ಬಾಗಿಲು ಮುಚ್ಚಿ ಅಲ್ಲೇ ಇಟ್ಟರೆ ಸೆಕೆಗೆ ಸಾಯುತ್ತವೆ. ಸುರಂಗದ ನೀರನ್ನು ಒಂದು ಲೀಟರ್ ಕಂದು ಗಾಜಿನ ಬಾಟಲಿಯಲ್ಲಿ, ಪ್ಲಾಸ್ಟಿಕ್ ಅಲ್ಲ, ಸಿಂಪಡಣೆಯ ಮೊದಲೊಮ್ಮೆ, ನಂತರದ ಮೊದಲ ದೊಡ್ಡ ಮಳೆ ಬಂದು ಎರಡು ದಿನಕ್ಕೆ ಇನ್ನೊಮ್ಮೆ ತುಂಬಿ, ದಿನಾಂಕ ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಒಂದೆರಡು ದಿನದಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಿ. ತಿರುವನಂತಪುರದ ವೆಳ್ಳಾಯಣಿಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕೀಟನಾಶಕ ಶೇಷ ಪ್ರಯೋಗಾಲಯ ಇದೆ. ಮಾದರಿ ಹೊರಡುವ ಮೊದಲು ಅಲ್ಲಿಗೆ ಫೋನ್ ಮಾಡಿ, ಯಾವ ಮದ್ದನ್ನು ಹುಡುಕಬೇಕೆಂದು ಹೆಸರು ಹೇಳಿ. ಹೆಸರು ಹೇಳದೆ ‘ವಿಷ ಇದೆಯೇ ನೋಡಿ’ ಎಂದು ಕಳಿಸಿದ ಬಾಟಲಿಯಿಂದ ನಿಮಗೆ ಬೇಕಾದ ಉತ್ತರ ಬರುವುದಿಲ್ಲ.